ತೊಳೆದ ಇದ್ದಿಲು

ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಸ್ವಚ್ಛಕ್ಕ ಎನ್ನುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಕುಚೋದ್ಯ. ಅವಳು ತೆಗೆದುಕೊಂಡದ್ದು ಗೌರವವನ್ನಷ್ಟೇ. ಕಾಳು ಬಿಡಿಸಿ ಬಿಸಾಡಿದ ಮೆಕ್ಕೆಜೋಳದ ದಿಂಡುಗಳನ್ನು ಮುಚ್ಚಿದ ಡ್ರಮ್ಮಿನಲ್ಲಿ ಸುಟ್ಟು, ಪುಡಿ ಮಾಡಿ, ಹಳೆಯ ಬ್ಯಾಟರಿ ಒಡೆಯುವ ಕಾರ್ಖಾನೆಗೆ ಕಳಿಸುವುದು ಅಲ್ಲಿನ ಕೆಲಸ. ಕಾರ್ಖಾನೆಯ ಕೊಳೆನೀರಿನಲ್ಲಿರುವ ಸೀಸವನ್ನು ಆ ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ. ಸ್ವಚ್ಛಕ್ಕ ತನ್ನ ಇದ್ದಿಲನ್ನು ತಿಳಿನೀರು ಬರುವವರೆಗೂ ತೊಳೆಯುತ್ತಿದ್ದಳು. ಕೊಳೆ ತೆಗೆಯುವ ವಸ್ತುವೇ ಕೊಳಕಾಗಿದ್ದರೆ ಹೇಗೆ ಎಂಬುದು ಅವಳ ತರ್ಕ.

ಶೆಡ್ಡಿನ ಉಸ್ತುವಾರಿ ತನಗೇ ಎಂದು ಅವಳು ನಂಬಿದ್ದಳು. ಅಷ್ಟರಲ್ಲಿ ಮೈದುನನ ಹೆಂಡತಿ ಕೆಲಸಕ್ಕೆ ಸೇರಿದಳು. ಕೆದರಿದ ತಲೆ, ಬಾಯ್ತುಂಬ ನಗು, ಮೈತುಂಬ ಸೋಮಾರಿತನ. ಇದ್ದಿಲಿಗೆ ನೀರು ಸೋಕಿಸದೆ ಬೂದಿ ಸಮೇತ ಚೀಲಕ್ಕೆ ತುಂಬುತ್ತಿದ್ದಳು. ಆದರೂ ಯಾರ ಇದ್ದಿಲು ಹೆಚ್ಚು ಸೀಸ ಹಿಡಿಯುತ್ತದೆ ಎಂಬ ಪರೀಕ್ಷೆಯಲ್ಲಿ ಅವಳ ಚೀಲವೇ ಮುಂದೆ. ಇನ್ನೊಮ್ಮೆ ಹೀಗೇ ಬಂದರೆ ಉಸ್ತುವಾರಿ ಅವಳಿಗೇ ಎಂದರು ಕಾರ್ಖಾನೆಯ ಪ್ರಯೋಗಾಲಯದ ಮೇಡಂ.

"ಏನೋ ಅದೃಷ್ಟ ಬಿಡಿ ಅಕ್ಕಾ," ಎಂದಳು ವಾರಗಿತ್ತಿ.

"ಮತ್ತಿನ್ನೇನು, ನಿನ್ನ ಕೈಗುಣನಾ? ಮನೇಲಿ ಒಂದು ಲೋಟ ನೆಟ್ಟಗೆ ಬೆಳಗೋಕೆ ಬರಲ್ಲ."

"ಬೆಳಗೋಕೆ ನೀವಿದ್ದೀರಲ್ಲ!"

ಇಬ್ಬರ ಇದ್ದಿಲಿಗೂ ತೊಳೆಯುವುದೊಂದೇ ವ್ಯತ್ಯಾಸ; ಮುಂದಿನ ಪರೀಕ್ಷೆಗೆ ಹೋಗುವ ಅವಳ ಚೀಲವನ್ನೂ ತೊಳೆದುಬಿಟ್ಟರೆ ಇಬ್ಬರೂ ಸಮ, ಆಮೇಲೆ ಹಿರಿತನ ತನ್ನದೇ ಎಂದು ಸ್ವಚ್ಛಕ್ಕ ಲೆಕ್ಕ ಹಾಕಿದಳು.

"ಕೊಡೇ ಇಲ್ಲಿ, ನಾನೇ ತೊಳೆದು ಒಣಗಿಸ್ತೀನಿ."

ಕಿರಿಯಳು ಖುಷಿಯಿಂದ ಕೊಟ್ಟಳು.

ಲೆಕ್ಕ ತಪ್ಪಲಿಲ್ಲ. ಎರಡನೆಯ ಪರೀಕ್ಷೆಯಲ್ಲಿ ಕಿರಿಯಳ ಇದ್ದಿಲು ಸ್ವಚ್ಛಕ್ಕನದರ ಮಟ್ಟಕ್ಕೇ ಇಳಿಯಿತು. ಸ್ವಚ್ಛಕ್ಕ ಒಳಗೊಳಗೇ ಹಿಗ್ಗಿದಳು. ಮೇಡಂ ಮಾತ್ರ ಹುಬ್ಬು ಗಂಟಿಕ್ಕಿದರು.

"ಈ ಸಲ ಏನಮ್ಮ ಬೇರೆ ಮಾಡಿದೆ?"

"ನಾನೇನೂ ಮಾಡಿಲ್ಲ ಮೇಡಂ. ಪಾಪ, ಅಕ್ಕನೇ ಕೈ ನೋಯಿಸ್ಕೊಂಡು ತೊಳೆದುಕೊಟ್ರು."

ಮೇಡಂ ಅದೇ ಡ್ರಮ್ಮಿನ ತೊಳೆಯದ ಇದ್ದಿಲನ್ನು ತರಿಸಿ ಪರೀಕ್ಷಿಸಿದರು. ಅದು ಮತ್ತೆ ಮುಂದೆ ಬಂತು; ಸೀಸ ಹಿಡಿಯುವುದರಲ್ಲಿ ದೊಡ್ಡ ಪಾಲು ಬೂದಿಯದು ಎಂದು ಗೊತ್ತಾಯಿತು. ಅದನ್ನೇ ಸ್ವಚ್ಛಕ್ಕ ಇಷ್ಟು ಕಾಲ ತೊಳೆದು ಚರಂಡಿಗೆ ಬಿಟ್ಟಿದ್ದಳು.

ಉಸ್ತುವಾರಿ ಕಿರಿಯಳಿಗೆ ಹೋಯಿತು. ಇನ್ನು ಯಾರೂ ತೊಳೆಯಬಾರದು ಎಂಬುದು ಅವಳ ಮೊದಲ ಆಜ್ಞೆ. ಎಲ್ಲರೆದುರು ಹಿರಿಯಳ ಕೈ ಹಿಡಿದು, "ಅಕ್ಕ ತೊಳೀದಿದ್ರೆ ಇದು ಯಾರಿಗೂ ಗೊತ್ತೇ ಆಗ್ತಿರಲಿಲ್ಲ," ಎಂದಳು.

ಕುಹಕವಾಗಿದ್ದರೆ ತಿರುಗಿಸಿ ಅನ್ನಬಹುದಿತ್ತು. ಅವಳು ಮನಸಾರೆ ಹೇಳಿದ್ದಳು. ಸ್ವಚ್ಛಕ್ಕನಿಗೆ ಅದು ಗೊತ್ತಿತ್ತು. ಆದ್ದರಿಂದಲೇ ಕೊನೆಯವರೆಗೂ ಕ್ಷಮಿಸಲಿಲ್ಲ.