ಕಪ್ಪು ಶರ್ಟಿನ ಮೇಲಿನ ಹೊಟ್ಟು

ನನ್ನ ತಲೆಗೆ ಮೆಂತ್ಯ ಹಚ್ಚುತ್ತಿದ್ದ ದೊಡ್ಡಮ್ಮನ ಕೈ ತಟ್ಟನೆ ನಿಂತುಬಿಟ್ಟಿತು.

ಪಕ್ಕದ ಊರು ಶೋರ್‌ಲೈನ್‌ನಲ್ಲಿರುವ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಮೀಟಿಂಗ್‌ನಲ್ಲಿ ನಮ್ಮ ಮ್ಯಾನೇಜರ್ ಗಂಟಲು ಸರಿಮಾಡಿಕೊಳ್ಳುವ ರೀತಿಯನ್ನು ನಟಿಸಿ ನಗಿಸುತ್ತಿದ್ದಾಗ ನನ್ನ ಕಪ್ಪು ಶರ್ಟಿನ ಭುಜದ ಮೇಲೆ ಉದುರಿದ್ದ ತಲೆಹೊಟ್ಟು ದೊಡ್ಡಮ್ಮನ ಕಣ್ಣಿಗೆ ಬಿತ್ತು. "ಏನೋ ಇದು, ಸ್ನೊಕ್ವಾಲ್ಮಿ ಬೆಟ್ಟದ ಹಿಮ ಎಲ್ಲಾ ನಿನ್ ಮೇಲೇ ಬಿದ್ದಿದೆ?" ಎಂದವರೇ, ದೋಸೆಗೆಂದು ನೆನೆಸಿದ್ದ ಮೆಂತ್ಯವನ್ನು ಮೊಸರಿನಲ್ಲಿ ರುಬ್ಬಿ, ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿ ಕೂರಿಸಿದರು.

ಲೋಳೆ ಕಿವಿಗೆ ಇಳಿಯಿತು. ಸುಮ್ಮನಿರುವ ಜಾತಿಯೇ ನಾನು? ತೀರಿಹೋದ ಅಜ್ಜಿಯ, ಅಂದರೆ ದೊಡ್ಡಮ್ಮನ ಅಮ್ಮನ ದನಿ ತೆಗೆದೆ. ಚಿಕ್ಕಂದಿನಲ್ಲಿ ಬಚ್ಚಲುಮನೆಯಲ್ಲಿ ಎಣ್ಣೆ ತಿಕ್ಕುತ್ತಾ ಅವರು ಗದರುತ್ತಿದ್ದ ಹಾಗೆಯೇ, "ಅಲ್ಲಾಡ್ಬೇಡ್ವೋ ಕೋತಿ! ಕಣ್ಣಿಗೆ ಹೋದ್ರೆ ನನ್ನ ಕೇಳ್ಬೇಡ!" ಎಂದೆ.

ಆಗಲೇ ಆ ಕೈ ನಿಂತದ್ದು. ಅತಿಯಾಯಿತೆಂದು ನಾಲಿಗೆ ಕಚ್ಚಿಕೊಂಡೆ.

"ಇನ್ನೊಂದ್ಸಲ ಹೇಳೋ," ಎಂದರು ದೊಡ್ಡಮ್ಮ, ಮೆಲ್ಲಗೆ. "ಅಮ್ಮನ ದನಿ ಹೇಗಿತ್ತು ಅನ್ನೋದೇ ಮರ್ತುಹೋಗಿತ್ತು ಕಣೋ."

ಹೊಟ್ಟು ಹೋಗಿ ಎಷ್ಟೋ ದಿನವಾಯಿತು. ಆದರೂ ಪ್ರತಿ ಭಾನುವಾರ ಕಪ್ಪು ಶರ್ಟು ತೊಟ್ಟು, ಭುಜದ ಮೇಲೆ ಚಿಟಿಕೆ ಅಕ್ಕಿ ಹಿಟ್ಟು ಉದುರಿಸಿಕೊಂಡು ಶೋರ್‌ಲೈನ್‌ಗೆ ಹೋಗುತ್ತೇನೆ. ದೊಡ್ಡಮ್ಮನಿಗೆ ಎಲ್ಲಾ ಗೊತ್ತು. ಮೆಂತ್ಯ ನೆನೆಸಿಯೇ ಇಟ್ಟಿರುತ್ತಾರೆ.