ಅಕ್ಕಿಯ ಮೇಲೆ ಬರೆದ ಹೆಸರು

ರೈಲ್ವೆಯ ಕಂಪ್ಯೂಟರ್ ವಿಭಾಗದ ಪ್ರಾಣೇಶರಾಯರು ಸಂಜೆ ಮಲ್ಕಾಜ್‌ಗಿರಿಯ ತಮ್ಮ ಪಡಸಾಲೆಯಲ್ಲಿ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ಕಲಿಸಲು ಕೂತರೆಂದರೆ, ಕಲಿಯಲು ಬಂದವರು ಮೊದಲು ಗೋಡೆಯ ಪಟ್ಟಿಗೆ ಕೈಮುಗಿಯಬೇಕು. ಆ ಭಾಷೆ ತನಗೆಂದೇ ಕಾಯ್ದಿಟ್ಟುಕೊಂಡ ಮುನ್ನೂರು ಚಿಲ್ಲರೆ ಶಬ್ದಗಳು ಅದರಲ್ಲಿದ್ದವು. "ಇವು ರಿಜರ್ವ್ ಆದ ಬರ್ತ್ ಇದ್ದಂಗ್ರಿ, ಯಾರೂ ಕೂಡಬ್ಯಾಡ್ರಿ. ಉಳಿದ ಗಾಡಿ ಪೂರಾ ನಿಮ್ದ, ಬೇಕಾದ ಹೆಸರು ಇಡ್ರಿ. ಆದ್ರ ಹೆಸರಿಗೊಂದು ಅರ್ಥ ಇರಬೇಕು ನೋಡ್ರಿ!" ಪ್ರೋಗ್ರಾಮಿನ ಅಂಕಿಗಳಿಗೆ ಬರೀ ಎಕ್ಸ್, ವೈ ಎಂದು ಹೆಸರಿಟ್ಟವರಿಗೆ ಅಂದು ಚಹಾ ಇಲ್ಲ, ಎರಡನೆಯ ಸಲ ಇಟ್ಟರೆ ಅವರ ಚಪ್ಪಲಿಯನ್ನು ರಾಯರೇ ಬಾಗಿಲ ಕಡೆ ತಿರುಗಿಸಿ ಇಡುತ್ತಿದ್ದರು. ಇಂಥ ರಾಯರು ಬೋರ್ಡಿನ ಮೇಲೆ ಬರೆಯುವ ಸ್ವಂತ ಪ್ರೋಗ್ರಾಮುಗಳಲ್ಲಿ ಮಾತ್ರ ಲೆಕ್ಕಕ್ಕೆ ಸಂಬಂಧವಿಲ್ಲದ ಹೆಸರೊಂದು ತಪ್ಪದೆ ಇಣುಕುತ್ತಿತ್ತು: 'ಅಂಬು'. "ಇದೇನ್ರಿ ಸಾರ್, ಅಂಬು ಅಂದ್ರ?" ಎಂದು ಯಾರಾದರೂ ಕೇಳಿದರೆ ರಾಯರಿಗೆ ಎಲ್ಲಿಲ್ಲದ ಕೆಮ್ಮು. ಚಹಾ ತಂದ ಹೆಂಡತಿ ಗೋದಾವರಿಬಾಯಿ ಬೋರ್ಡು ನೋಡುತ್ತ ಒಂದು ಗಳಿಗೆ ನಿಂತೇ ಇರುತ್ತಿದ್ದರು. ತವರಿನಲ್ಲಿ ಅವರು ಅಂಬು. ಅತ್ತೆಯ ಹೆಸರೂ ಅದೇ ಆಗಿದ್ದರಿಂದ ಈ ಮನೆಯಲ್ಲಿ ಅದು ನಡೆಯುವಂತಿರಲಿಲ್ಲ. ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಅವರ ಹೊಸ ಹೆಸರು 'ಗೋದಾವರಿ' ಎಂದು ಬರೆದವರು ರಾಯರೇ.