ಅಕ್ಕಿಯ ಮೇಲೊಂದು ಚೀನೀ ಬಾಗಿಲು

ಮಕ್ಕಳೇ, ನಿಮ್ಮ ಅಜ್ಜಿಗೆ ಚೀನೀ ಅಕ್ಷರ ಬರುತ್ತದೆ ಎಂದು ಯಾರಿಗೂ ಹೇಳಬೇಡಿ. ಬರುವುದು ಹತ್ತು ಹನ್ನೆರಡು ತುಣುಕು. ಎದುರು ಮನೆಯವರು ಬರೆದು ತೋರಿಸಿ ಅಂದರೆ ನಾನು ನಾಚಿ ಅಡುಗೆಮನೆಗೆ ಓಡಬೇಕಾಗುತ್ತದೆ.

ಕಲಿಸಿದವಳು ನಿಮ್ಮ ಪಲ್ಲವಿ ಅಕ್ಕ. ಕಾಲೇಜು ಮುಗಿಸಿ ಚೀನೀ ಕ್ಲಾಸಿಗೆ ಹೋಗುತ್ತಿದ್ದಳು. ಮಣಿಕೊಂಡದ ಈ ಮನೆಯಲ್ಲಿ ನಾನು ಅಕ್ಕಿ ಆರಿಸುವಾಗ ಪಕ್ಕದಲ್ಲೇ ಕೂತು ಗೆರೆ ಎಳೆಯುವಳು. "ಇವು ರ‍್ಯಾಡಿಕಲ್ ಅಜ್ಜಿ, ಅಕ್ಷರದ ತುಣುಕು. ಇವನ್ನ ಕಲಿತರ ದೊಡ್ಡ ಅಕ್ಷರ ಬಿಡಿಸಿ ನೋಡಾಕ ಬರತೈತಿ." ಬಿಡಿಸಿ ನೋಡುವುದು ನನಗೂ ರೂಢಿ, ಹೂಕೋಸನ್ನು ಹಾಗೆಯೇ ನೋಡುತ್ತೇನೆ. ತಟ್ಟೆಯ ಅಕ್ಕಿಯ ಮೇಲೆ ನಾನೂ ಬೆರಳಾಡಿಸತೊಡಗಿದೆ. ನಮ್ಮಪ್ಪ ನನಗೆ ಮೊದಲ ಅಕ್ಷರ ಬರೆಸಿದ್ದೂ ಅಕ್ಕಿಯ ಮೇಲೆಯೇ. ಆ ಓದು ನಾಲ್ಕನೇ ಇಯತ್ತೆಗೆ ನಿಂತುಹೋಯಿತು.

ಪಕ್ಕದಲ್ಲಿ ಮೂರು ಹನಿ ಇದ್ದರೆ ನೀರಿನ ಸಂಗತಿ. ಒಂದು ಮರ ಬರೆದರೆ ಮರ, ಎರಡು ಬರೆದರೆ ತೋಪು. ಸೂರಿನ ಕೆಳಗೆ ಹೆಣ್ಣು ಕೂತರೆ ನೆಮ್ಮದಿಯಂತೆ. "ಯಾರಿಗೆ ನೆಮ್ಮದಿ?" ಎಂದೆ. "ಅದನ್ನ ಬುಕ್ಕಿನ್ಯಾಗ ಬರದಿಲ್ಲಜ್ಜಿ" ಎಂದು ನಕ್ಕಳು. ಅದೇ ಸೂರಿನ ಕೆಳಗೆ ಹಂದಿ ನಿಂತರೆ ಮನೆ! ಹಿಂದೆ ಕುಷಾಯಿಗೂಡದಲ್ಲಿದ್ದಾಗ ಮನೆ ಚೊಕ್ಕಟ ಇಡು ಎಂದು ಮೂರು ಹೊತ್ತೂ ಹೇಳುತ್ತಿದ್ದ ನಿಮ್ಮ ಅಜ್ಜನಿಗೆ ಇದೊಂದನ್ನು ತೋರಿಸಬೇಕಿತ್ತು.

ಗೆರೆಗಳಿಗೂ ಒಂದು ಸರದಿ ಇದೆ. ನನ್ನದೋ ರಂಗೋಲಿಯ ಕೈ, ಮೊದಲು ಚುಕ್ಕಿ ಇಡದೆ ಗೆರೆ ಹೊರಡುವುದಿಲ್ಲ. ಬೇಯಿಸು ಎಂಬ ಅಕ್ಷರಕ್ಕೆ ಬೆಂಕಿಯ ನಾಲ್ಕು ಚುಕ್ಕಿ ಕೊನೆಗೆ ಬರಬೇಕು. ನಾನು ಮೊದಲೇ ಇಟ್ಟುಬಿಡುತ್ತಿದ್ದೆ.

"ಅಜ್ಜಿ! ಬೆಂಕಿ ಕಡೀಕ!"

"ಒಲಿ ಹಚ್ಚದ ಪಾತೇಲಿ ಇಡತಾರೇನ?"

ನನಗೆ ಭಾರೀ ಹಿಡಿಸಿದ್ದು ಬಾಗಿಲು. ಈಗ ಮೂರೇ ಗೆರೆಯಲ್ಲಿ ಮುಗಿಸುತ್ತಾರಂತೆ. ನನಗೆ ಹಳೆಯ ಎರಡು ಕದದ ಬಾಗಿಲೇ ಸರಿ. ಅದರ ನಡುವೆ ಬಾಯಿ ಬರೆದರೆ ವಿಚಾರಿಸು ಎಂದು ಅರ್ಥ, ಕಿವಿ ಬರೆದರೆ ಕೇಳಿಸಿಕೋ, ಹೃದಯ ಬರೆದರೆ ಉಸಿರು ಕಟ್ಟುವಂಥ ಬೇಸರ. ಇಲ್ಲೆಲ್ಲ ಬಾಗಿಲು ಬರೀ ಉಚ್ಚಾರಕ್ಕೆ, ಅರ್ಥಕ್ಕಲ್ಲ ಎಂದಳು ಪಲ್ಲವಿ. ಹೂಂ ಎಂದೆ, ನಂಬಲಿಲ್ಲ. ಹೊಸ ಸೊಸೆಯಾಗಿದ್ದಾಗ ಹಿರಿಯರ ಮುಂದೆ ಬಾರದೆ, ಕದದ ಮರೆಯಿಂದಲೇ "ಚಹಾ ಎಷ್ಟು ಮಂದಿಗ್ರಿ?" ಎಂದು ಕೇಳಿದವಳು ನಾನು. ಬಾಗಿಲು ಬರೀ ಉಚ್ಚಾರಕ್ಕೆ ಅಂದರೆ ಹೇಗೆ ಒಪ್ಪಲಿ?

ಒಂದು ಸಂಜೆ ಪಲ್ಲವಿ ಬಂದವಳೇ ಕೋಣೆ ಸೇರಿದಳು. ಪರೀಕ್ಷೆಯಲ್ಲಿ ಅಂಕ ಬಂದಿಲ್ಲ ಎಂದಷ್ಟೇ ಹೇಳಿದಳು. "ಪಪ್ಪಾ ಬರಲಿ, ಕ್ಲಾಸ್ ಬಿಡತೀನಿ ಅಂತ ಹೇಳಿಬಿಡತೀನಿ." ಅವಳಪ್ಪನಿಗೂ ಈ ಕ್ಲಾಸು ಮೊದಲಿನಿಂದ ಬೇಡವಾಗಿತ್ತು. ಅವಳು ಬಿಟ್ಟರೆ ನನ್ನ ಶಾಲೆ ಎರಡನೇ ಸಲ ಮುಚ್ಚಿದಂತೆ. ಆದರೆ ಹುಡುಗಿ ಅಳುವಾಗ ನನ್ನ ಶಾಲೆಯ ಮಾತು ಎತ್ತಲೇ? ಏನಾಯಿತೆಂದು ಕೇಳುವುದಕ್ಕೂ ಸಂಕೋಚ. ಅಕ್ಕಿಯ ತಟ್ಟೆ ಹಿಡಿದು ಅರ್ಧ ತೆರೆದ ಬಾಗಿಲಲ್ಲೇ ಕೂತೆ. ಎರಡು ಕದ ಬರೆದೆ. ಒಳಗೆ ಹೃದಯದ ಮೂರು ಚುಕ್ಕಿ ಇಟ್ಟೆ.

ಮಂಚದ ಮೇಲಿಂದ ದನಿ ಬಂತು. "ಮತ್ತ ಚುಕ್ಕಿ ಮೊದಲ! ಎಷ್ಟು ಸಲ ಹೇಳಬೇಕಜ್ಜಿ ನಿನಗ?"

ಎದ್ದು ಬಂದು ನನ್ನೆದುರು ಕೂತಳು. ಮೂಗು ಕೆಂಪಾಗಿತ್ತು. ನನ್ನ ಬೆರಳು ಹಿಡಿದು ಬರೆಸಿದಳು: ಒಂದು ಚುಕ್ಕಿ, ಒಂದು ಡೊಂಕು ಗೆರೆ, ಆಮೇಲೆ ಎರಡು ಚುಕ್ಕಿ. ಹೃದಯ ಸರಿಯಾಯಿತು. ನಾನು ಅದನ್ನು ಅಂಗೈಯಿಂದ ಸವರಿ ಅಳಿಸಿ, ಅದೇ ಜಾಗದಲ್ಲಿ ಬಾಯಿಯ ಚೌಕ ಬರೆದೆ.

"ಏನಾತವ್ವಾ?" ಎಂದೆ.

ಅಂಕದ್ದಲ್ಲವಂತೆ. ಅವಳ ಉಚ್ಚಾರಕ್ಕೆ ಕ್ಲಾಸೆಲ್ಲ ನಕ್ಕಿತ್ತಂತೆ. ಹೇಳುತ್ತಲೇ ಹೋದಳು, ಅತ್ತಳು, ಅವರು ನಕ್ಕಿದ್ದನ್ನು ತಾನೇ ಮಾಡಿ ತೋರಿಸಿ ನಕ್ಕಳು. ಅವಳಪ್ಪ ಬಂದು ಅನ್ನಕ್ಕೆ ಇಟ್ಟಿಲ್ಲವೇ ಎಂದಾಗ, "ತಡೀರಿ ಪಪ್ಪಾ, ಅಜ್ಜಿ ಪಾಠ ಮುಗದಿಲ್ಲ" ಎಂದಳು. ಬಿಡುವ ಮಾತು ಬರಲೇ ಇಲ್ಲ.

ಬಾಗಿಲಿನೊಳಗೆ ಕಿವಿ ಬರೆಯುವುದು ನನಗೆ ಇನ್ನೂ ಬಂದಿಲ್ಲ, ಅದಕ್ಕೆ ಗೆರೆ ಬಹಳ. ಅವತ್ತು ಬರೆಯದೆ, ಕೇಳುತ್ತ ಬಾಗಿಲಲ್ಲೇ ಕೂತಿದ್ದೆ.